ಸಡಿಲ ಬಿಟ್ಟ ಹಗ್ಗ

ಶ್ವಾನ ಪ್ರದರ್ಶನದ ಅಂಗಳದಲ್ಲಿ, ಮೇಜಿನ ಮೇಲೆ ನಿಂತ ವಿಪೆಟ್ ತಳಿಯ ನಾಯಿಯ ಬಾಲ ಮತ್ತೆ ಹಿಂಗಾಲುಗಳ ನಡುವೆ ಸೇರಿಕೊಂಡಿತು. ತೀರ್ಪುಗಾರ್ತಿ ಇನ್ನೇನು ಬಂದೇಬಿಡುವವಳಿದ್ದಳು. "ಹಗ್ಗ ಎಳೆದು ಹಿಡಿಯೇ, ಕತ್ತು ಮೇಲೇಳಲಿ!" ಎಂದು ಬೇಲಿಯಾಚೆ ನೆರಳಿನಲ್ಲಿ ಕುರ್ಚಿ ಹಾಕಿಕೊಂಡಿದ್ದ ಯಜಮಾನ ಕೂಗಿದ. ಬೆಳಗ್ಗೆಯೇ ಹೇಳಿದ್ದ: "ಇವತ್ತೂ ಮುದುರಿಕೊಂಡು ಮಾನ ಕಳೆದರೆ ಈ ಪುಕ್ಕಲು ನಾಯಿ ನನ್ನ ಮನೇಲಿರಲ್ಲ. ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಮರಿಯಾಗಿದ್ದಾಗಿನಿಂದ ಅದನ್ನು ಸಾಕಿದ ಕೆಲಸದಾಕೆ ಹಗ್ಗ ಎಳೆದಳು. ಕತ್ತೇನೋ ಮೇಲೆದ್ದಿತು, ಸೊಂಟದ ಚೆಂದದ ಬಾಗು ಮಾತ್ರ ಗೂನಾಗಿ, ಮೈಯೆಲ್ಲ ನಡುಗಿತು. ಆಗ ಅವಳಿಗೆ ತನ್ನದೇ ಕೈ ಕಂಡಿತು. ನಡುಕ ಅಲ್ಲಿಂದ ಹೊರಟು ಹಗ್ಗದಗುಂಟ ಇಳಿಯುತ್ತಿತ್ತು. ಯಜಮಾನ ತುಂಬಿದ ಭಯವನ್ನು ತಾನೇ ಈ ಮೂಕಪ್ರಾಣಿಗೆ ದಾಟಿಸುತ್ತಿದ್ದೇನಲ್ಲ!

"ಎಳೆಯೇ, ಕಿವಿ ಕೇಳಲ್ವಾ?"

ಅವಳು ಹಗ್ಗ ಸಡಿಲ ಬಿಟ್ಟಳು. "ನಿಂಗೆ ಹೇಗೆ ಬೇಕೋ ಹಾಗೆ ನಿಂತ್ಕೊಳ್ಳೇ, ಪುಟ್ಟಿ," ಎಂದು ಪಿಸುಗುಟ್ಟಿದಳು. ನಾಯಿ ಒಮ್ಮೆ ಮೈ ಕೊಡವಿ ನಾಲ್ಕೂ ಕಾಲೂರಿತು. ಬಾಲ ಮೆಲ್ಲಗೆ ಹೊರಬಂದು ಸಹಜವಾಗಿ ಇಳಿಬಿತ್ತು. ತೀರ್ಪುಗಾರ್ತಿ ಎದೆ, ಬೆನ್ನು, ತೊಡೆ ಸವರಿದಾಗಲೂ ಅದು ಅಲುಗಲಿಲ್ಲ. ಬೇಲಿಯಾಚೆ ಯಜಮಾನ, ಎಲ್ಲ ತನ್ನದೇ ಕೈಚಳಕವೆಂಬಂತೆ ಚಪ್ಪಾಳೆ ತಟ್ಟಿದ.

"ನಾಯಿ ಚೆನ್ನಾಗಿ ನಿಂತಿದೆ," ಎಂದು ತೀರ್ಪುಗಾರ್ತಿ ನಕ್ಕಳು. "ಇನ್ನು ನೀನೂ ಉಸಿರಾಡಮ್ಮ."