ಉಣ್ಣೆ ಗಂಟಿನ ಬಲ್ಬು

"ಟೀಚರ್, ತಡೀರಿ. ಅದು ಉರಿಯೋ ಬಲ್ಬ್ ಐತ್ರಿ," ಎಂದು ಜಂಬುನಾಥ ಕೆಳಗಿನಿಂದ ಕೂಗಿದಾಗ ಶೈಲಾ ಟೀಚರ್ ಶಾಲೆಯ ಮಾಳಿಗೆಯ ಅಂಚಿನಲ್ಲಿ ನಿಂತು ಉಣ್ಣೆಯ ಗಂಟೊಂದನ್ನು ಕೆಳಕ್ಕೆ ಬಿಡಲು ಕೈ ಚಾಚಿದ್ದರು. ಕೈ ಹಾಗೇ ನಿಂತಿತು.

ಬಿದ್ದ ಪೆಟ್ಟನ್ನು ಯಾವ ವಸ್ತು ತಡೆಯುತ್ತದೆ ಎಂಬುದು ಅಂದಿನ ಪಾಠ. ಅರ್ಧ ಮಕ್ಕಳ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲವೆಂದು, ಮೊಟ್ಟೆಯ ಬದಲು ಸುಟ್ಟುಹೋದ ಬಲ್ಬಿಗೆ ಏನಾದರೂ ಸುತ್ತಿ ತರಲು ಹೇಳಿದ್ದರು. ಹುಲ್ಲು, ರದ್ದಿ ಕಾಗದ, ಸೀರೆಯ ಚಿಂದಿ, ಮಂಡಕ್ಕಿ ಚೀಲ ಎಲ್ಲವೂ ಬಿದ್ದಾಗಿತ್ತು. ಪ್ರತಿ ಸಲವೂ ಗಾಜು ಒಡೆದ ಸದ್ದು. ಉಳಿದದ್ದು ಮೇಘಾ ತಂದ ಕುರಿ ಉಣ್ಣೆಯ ಗಂಟೊಂದೇ.

"ಹೌದೇನವಾ ಮೇಘಾ?"

"ಹೂಂರಿ. ಸುಟ್ಟಿದ್ದು ನಮ್ಮನ್ಯಾಗ ಇರ್ಲಿಲ್ರಿ."

"ಅವರದು ಸರಕಾರದ ಭಾಗ್ಯಜ್ಯೋತಿ ಕರೆಂಟಿನ ಮನಿರಿ, ಇರೋದ ಅದೊಂದು ಬಲ್ಬು," ಎಂದ ಜಂಬುನಾಥ. "ಇವರಕ್ಕ ಹಡದಾಳ. ಬಾಣಂತಿ ಕ್ವಾಣಿ ಕತ್ತಲಾದ್ರ ಇವರಜ್ಜಿ ಇಕಿ ಚರ್ಮ ಸುಲಿತಾಳ."

"ಬಲ್ಬಿಗೆ ಸುತ್ತೋ ಬದಲು ನಿನ್ನ ಬಾಯಿಗೆ ಉಣ್ಣಿ ತುರುಕಬೇಕಿತ್ತು," ಎಂದಳು ಮೇಘಾ.

ಶೈಲಾ ಗಂಟನ್ನು ಹಿಂದಕ್ಕೆ ಎಳೆದುಕೊಂಡರು. ಸುಟ್ಟ ಬಲ್ಬು ಇಲ್ಲದ ಮನೆಯೂ ಇರಬಹುದೆಂದು ಅವರಿಗೆ ಹೊಳೆದೇ ಇರಲಿಲ್ಲ. "ಬ್ಯಾಡವಾ, ಹಂಗ ಮನಿಗೆ ಒಯ್ದುಬಿಡು."

"ಕೆಳಗ ಬಿಡ್ರಿ ಟೀಚರ್."

"ಒಡದ್ರ?"

"ನಮ್ಮ ಕುರಿ ಗುಡ್ಡದ ಮ್ಯಾಲಿಂದ ಬಿದ್ದಿತ್ರಿ. ಉಣ್ಣಿ ಕತ್ತರಿಸಿರ್ಲಿಲ್ಲ. ಎದ್ದು ಮೈ ಕೊಡವಿ ಮೇಯಾಕ ಹೋತು." ಮೇಘಾ ಕೆಳಗಿನಿಂದ ಗಂಟನ್ನೇ ನೋಡಿದಳು. "ಬಲ್ಬಿಗೂ ಹಂಗ ಆಕ್ಕತೋ ಇಲ್ಲೋ, ಗೊತ್ತಿಲ್ರಿ. ಪರೀಕ್ಷೆ ಮಾಡದ ನಂಬಬ್ಯಾಡ್ರಿ ಅಂತ ನೀವ ಹೇಳೀರಿ."

ಹೇಳಿದ್ದು ನಿಜ. ಶೈಲಾ ಮತ್ತೆ ಕೈ ಚಾಚಿ, ಕಣ್ಣು ಮುಚ್ಚಿ ಗಂಟನ್ನು ಬಿಟ್ಟರು.

ಗಂಟು ಬಿದ್ದ ಸದ್ದೇ ಕೇಳಲಿಲ್ಲ. ಅವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಮೇಘಾ ಉಣ್ಣೆ ಬಿಡಿಸಿ, ಒಡೆಯದೆ ಉಳಿದ ಬಲ್ಬನ್ನು ಅಂಗೈ ಮೇಲೆ ಇಟ್ಟುಕೊಂಡು ನಿಂತಿದ್ದಳು. ಆದರೂ ಶೈಲಾಗೆ ಸಮಾಧಾನವಿಲ್ಲ. ಒಳಗಿನ ತಂತಿ ಕೂದಲಿಗಿಂತ ತೆಳು. ಅದು ಹರಿದಿದ್ದರೆ ಗಾಜು ಉಳಿದು ಏನು ಪ್ರಯೋಜನ? ಕುರ್ಚಿ ಹತ್ತಿ ತರಗತಿಯ ಹೋಲ್ಡರಿಗೆ ಸಿಕ್ಕಿಸಿದರು. ಕರೆಂಟ್ ಇರಲಿಲ್ಲ.

ಮಕ್ಕಳು ಕತ್ತೆತ್ತಿ ಕೂತರು. ಶಾಲೆ ಬಿಡುವ ಗಂಟೆ ಹೊಡೆದರೂ ಒಬ್ಬರೂ ಏಳಲಿಲ್ಲ.

ಕರೆಂಟ್ ಬಂತು. ಬಲ್ಬು ಹತ್ತಿಕೊಂಡಿತು. ಹಾಡುಹಗಲಿನಲ್ಲಿ ಸಣ್ಣ ಹಳದಿ ಬೆಳಕು, ದಿನವೂ ಕಾಣುವಂಥದ್ದೇ. ಜಂಬುನಾಥ, ಗುಡಿಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಅಂದ: "ಒಳಗಿನ ತಂತಿಗೆ ತಾನು ಬಿದ್ದಿದ್ದು ಗೊತ್ತಿಲ್ಲ ನೋಡ್ರಿ."

ಸ್ವಿಚ್ ಆರಿಸಿ, ಬಲ್ಬು ತಣ್ಣಗಾದ ಮೇಲೆ ಶೈಲಾ ತಾವೇ ಅದನ್ನು ಉಣ್ಣೆಯಲ್ಲಿ ಸುತ್ತಿ ಮೇಘಾಳ ಕೈಗಿಟ್ಟರು. ದಿನಾ ಶಾಲೆ ಬಿಟ್ಟರೆ ಕರುಗಳಂತೆ ಓಡುವ ಮಕ್ಕಳು ಅವತ್ತು ಅವಳ ಸುತ್ತ ನಿಧಾನವಾಗಿ ನಡೆದರು. ಜಂಬುನಾಥ ಎಲ್ಲರಿಗಿಂತ ಮುಂದೆ, ದಾರಿಯ ಕಲ್ಲುಗಳನ್ನು ಕಾಲಿನಿಂದ ಬದಿಗೆ ಸರಿಸುತ್ತ ಹೋಗುತ್ತಿದ್ದ.