ಮೂರು ಚುಕ್ಕೆ

ಲೂಸಿ ಫೋನನ್ನು ಹಿರಿಮಗನ ರೊಟ್ಟಿ ತಟ್ಟೆಯ ಮೇಲೆಯೇ ಹಿಡಿದಳು. "ನೋಡಪಾ, ನಿನ್ನ ತಮ್ಮ ಫೋಟೋ ಕಳಿಸ್ಯಾನ. ಈ ಸಲ ಗ್ಯಾಸ್ ಒಯ್ಯೋ ಹಡಗಂತ. ಜಪಾನಕ್ಕ ಹೊಂಟಾರಂತ."

ಎಬಿನೇಜರ್ ಮುರಿದ ತುತ್ತನ್ನು ತಟ್ಟೆಗೇ ಇಟ್ಟ. ಇಬ್ಬರೂ ಒಂದೇ ಐಟಿಐನಲ್ಲಿ ಕಲಿತವರು. ವಿದೇಶಿ ಹಡಗು ಕಂಪನಿ ತಮ್ಮ ವಿಕ್ಟರನನ್ನು ಆರಿಸಿತು. ಇವನು ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆ ಸೇರಿದ. ಹತ್ತು ವರ್ಷವಾದರೂ ಹೊಟ್ಟೆಕಿಚ್ಚು ಆರಿಲ್ಲ. ಮೊದಲು ಎಣ್ಣೆ ಹಡಗು, ಆಮೇಲೆ ಕಾರು ತುಂಬುವ ಹಡಗು, ಈಗ ಇದು! ಕಾರವಾರದ ದಂಡೆಯಲ್ಲಿ ಮೊಣಕಾಲುದ್ದ ನೀರಿಗಿಳಿದದ್ದೇ ಎಬಿನೇಜರನ ಸಮುದ್ರಯಾನ.

"ಅವನ ಹಿಂದ ಚಕ್ರದಂಥಾದ್ದು ಏನೈತಿ?"

"ವಾಲ್ವ್ ಅವ್ವಾ," ಎನ್ನುತ್ತ ಬೆರಳಿನಿಂದ ಚಿತ್ರ ಹಿಗ್ಗಿಸಿದ. ಚಕ್ರದ ಕೆಳಗೆ, ಉಕ್ಕಿನ ಅಂಚಿನಲ್ಲಿ ಸಾಲಾಗಿ ಮೂರು ಚುಕ್ಕೆ. ಕೆಲಸ ಮುಗಿದ ವಾಲ್ವ್ ಮೇಲೆ ಪ್ರತಿ ಫಿಟ್ಟರೂ ಮೊಳೆಯಂಥ ಪಂಚಿನಿಂದ ತನ್ನ ಗುರುತು ಹೊಡೆಯುವುದು ಅವನ ಕಾರ್ಖಾನೆಯ ಪದ್ಧತಿ. ಮೂರು ಚುಕ್ಕೆ ಅವನದೇ.

"ಇದನ್ನ ಮಾಡಿದಾಂವ ನಾನವ್ವಾ."

"ಖರೇನ? ಮತ್ತ ಮಾರಿ ಯಾಕ ಹಿಂಗ ಮಾಡೀದಿ?"

ಎಬಿನೇಜರ್ ತಟ್ಟೆ ಸರಿಸಿದ. ಇಷ್ಟು ದಿನ ಹೊಟ್ಟೆಕಿಚ್ಚು ತಮ್ಮನೊಬ್ಬನ ಮೇಲಿತ್ತು. ಈಗ ತಾನು ಕೈಯಾರೆ ಬೋಲ್ಟು ಬಿಗಿದ ಉಕ್ಕಿನ ಮುದ್ದೆಯೂ ತನ್ನನ್ನು ಬಿಟ್ಟು ಜಪಾನಿಗೆ ಹೊರಟಿತ್ತು.