ತುಳಸಿಕಟ್ಟೆಯ ಮೇಲಿನ ಕರಿಕೋಟು

ಕೇಳೇ ಸಾವಂತ್ರಿ, ಲಾ ಕಾಲೇಜಿನಲ್ಲಿ ನೂರು ಕೇಸು ಗೆದ್ದವಳು ನಾನು. ಹೋಗಲಿ, ಅರ್ಧ ಸುಳ್ಳು ಅಂತಲೇ ಇಟ್ಟುಕೋ, ಗೆದ್ದದ್ದು ಒಂದೇ.

ಅಲ್ಲಿನ ಮೇಷ್ಟ್ರು ಪಾಠಕ್ಕೆ ಪುಸ್ತಕವನ್ನೇ ಮುಟ್ಟುವುದಿಲ್ಲ. "ನಿಜವಾದ ಕಕ್ಷಿದಾರರನ್ನ ಕರ್ಕೊಂಡು ಬನ್ನಿ, ನಾನೇ ಜಡ್ಜು, ವಾದ ಮಾಡಿ ಕಲೀರಿ" ಅಂದಿದ್ದರಂತೆ. ಅಲ್ಲೇ ಓದುವ ಪಕ್ಕದ ಮನೆಯ ಶಾಂಭವಿ ನನ್ನನ್ನು ಕ್ಲಾಸಿಗೆ ಎಳೆದುಕೊಂಡು ಹೋದಳು.

"ನಿಮ್ಮ ಕಷ್ಟ ಏನು ಹೇಳಜ್ಜಿ" ಅಂದಳು.

"ಮಗಳು ಬಾಣಂತನಕ್ಕೆ ಬರ್ತಾಳೆ ಕಣಮ್ಮ, ಕೋಣೆ ಬೇಕು. ಬಾಡಿಗೆಯವನು ನಾಳೆ ಬಿಡ್ತೀನಿ, ನಾಳೆ ಬಿಡ್ತೀನಿ ಅಂತ ಎರಡು ವರ್ಷ ಮಾಡ್ದ. ಮೇಲಿಂದ ನನ್ನ ತುಳಸಿಕಟ್ಟೆ ಮೇಲೆ ಕರಿಕೋಟು ಒಣಗಿಸ್ತಾನೆ!"

ಮೇಷ್ಟ್ರು ಮೆಲ್ಲಗೆ ತಮ್ಮ ಕರಿಕೋಟು ಬಿಚ್ಚಿ ಮೇಜಿನಡಿ ತುರುಕಿದರು.

"ಅವನ ಹೆಸರೇನಜ್ಜಿ?" ಏನೂ ಗೊತ್ತಿಲ್ಲದವಳ ಹಾಗೆ ಶಾಂಭವಿ ಕೇಳಿದಳು.

"ಹೆಸರು ಬೇಡ!" ಮೇಷ್ಟ್ರು ಕೂಗಿಕೊಂಡರು. "ಕಲಿಯೋಕೆ ಹೆಸರು ಯಾಕ್ರಮ್ಮ?"

"ಹಾಗಾದ್ರೆ ತೀರ್ಪು ಕೊಡಿ ಸಾರ್!" ಸಾವಿರ ಹುಡುಗರು ಬೆಂಚು ಗುದ್ದಿದರು. ಭಾನುವಾರದೊಳಗೆ ಕೋಣೆ ಬಿಡಬೇಕು ಅಂತ ಬರೆದು, ಮೇಷ್ಟ್ರು ಸಹಿಯನ್ನೂ ಹಾಕಿದರು.

ಭಾನುವಾರ ಬೀಗದ ಕೈ ನನಗೆ ಸಿಕ್ಕಿತು. ಅದಿರಲಿ ಸಾವಂತ್ರಿ, ಅವತ್ತೇ ನಿನ್ನ ಮಹಡಿ ಕೋಣೆಗೆ ಯಾರೋ ತುಂಬಾ ಓದಿದವರು ಬಾಡಿಗೆಗೆ ಬಂದರು ಅಂದೆಯಲ್ಲ, ಈಗ ನಿನ್ನ ತುಳಸಿಕಟ್ಟೆ ಮೇಲೆ ಏನು ಒಣಗ್ತಿರಬಹುದು, ಹೇಳು ನೋಡೋಣ?